ಬೋರ್ಡೋ ದ್ರಾವಣ, ಮೈಕ್ ಮತ್ತು ಟೆಲಿಪ್ರಾಂಪ್ಟರ್: ಸಭಾಕಂಪದ ಬಗ್ಗೆ ಕೆಲಸ ಕಲಿಸಿದ್ದು

ಕಾಸರಗೋಡಿನ ಗಡಿ ಪಂಚಾಯತುಗಳ ಕೃಷಿ ಭವನದಲ್ಲಿ, ಎಂದರೆ ಸರಕಾರಿ ಕೃಷಿ ಕಚೇರಿಯಲ್ಲಿ, ಸಹಾಯಕನ ಕೆಲಸವೆಂದರೆ ಅರ್ಧ ತೋಟದ್ದು, ಅರ್ಧ ಮೈಕಿನದ್ದು. ಮಳೆಗಾಲಕ್ಕೆ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ (ಮೈಲುತುತ್ತು, ಸುಣ್ಣ ಸೇರಿಸಿದ ಮದ್ದು) ತರಗತಿ, ಮಲಯಾಳ ತಿಂಗಳು ಚಿಂಗಂ ಒಂದರ ಕೃಷಿಕರ ದಿನಕ್ಕೆ ಸ್ವಾಗತ ಅಥವಾ ಧನ್ಯವಾದ, ನಡುವೆ ವಾರ್ಡ್ ಸಭೆಗಳು. ತೋಟದಲ್ಲಿ ನಿಂತು ಒಬ್ಬರ ಹತ್ತಿರ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ. ಅದೇ ವಿಷಯವನ್ನು ಸಭೆಯಲ್ಲಿ ಹೇಳಲು ಎದ್ದರೆ ಬಾಯಿ ಒಣಗುತ್ತಿತ್ತು, ಕೈಯಲ್ಲಿದ್ದ ಕಾಗದ ನಡುಗುತ್ತಿತ್ತು. ಗಾಬರಿಯಾದಾಗ ರಕ್ತಕ್ಕೆ ಅಡ್ರಿನಾಲಿನ್ ಸೇರುತ್ತದೆ, ಎದೆಬಡಿತ ಏರುತ್ತದೆ, ಉಸಿರು ಮೇಲಿಂದ ಮೇಲೆ ಓಡುತ್ತದೆ. ದೇಹದ ಈ ಸ್ವಭಾವವನ್ನು ಬೈದು ಸರಿಮಾಡಲು ಆಗುವುದಿಲ್ಲ.

ನನ್ನ ಮಟ್ಟಿಗೆ ಆ ಹೆದರಿಕೆ ಎದುರು ಕೂತವರದ್ದಲ್ಲ, ಮುಂದಿನ ವಾಕ್ಯದ್ದು. ಅದು ನಾಲಿಗೆಗೆ ಬಾರದಿದ್ದರೆ ಎಂಬ ಅಂಜಿಕೆ. ಅದಕ್ಕೆ ಮದ್ದಾಗಿ ನಾನು ಹಿಡಿದದ್ದು ಮೊಬೈಲಿನ ಟೆಲಿಪ್ರಾಂಪ್ಟರ್ ಆ್ಯಪ್, ಬರೆದ ಮಾತನ್ನು ಪರದೆಯ ಮೇಲೆ ಓಡಿಸಿ ತೋರಿಸುವಂಥದ್ದು. ವೇದಿಕೆಗಲ್ಲ, ಮನೆಯ ತಾಲೀಮಿಗೆ.

ಸುದ್ದಿ ಓದುವವರ ಕ್ಯಾಮೆರಾದ ಮುಂದೆ ಓರೆಯಾಗಿ ಒಂದು ಗಾಜು ಇರುತ್ತದೆ. ಕೆಳಗಿನ ಪರದೆಯಲ್ಲಿ ತಿರುಗುಮುರುಗಾಗಿ ಓಡುವ ಅಕ್ಷರ ಆ ಗಾಜಿನಲ್ಲಿ ಪ್ರತಿಫಲಿಸಿ ಓದುವವರಿಗೆ ನೇರವಾಗಿ ಕಾಣುತ್ತದೆ, ಹಿಂದಿನ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಸುಮಾರು 1950ರಲ್ಲಿ ಅಮೆರಿಕದಲ್ಲಿ ಇದು ಹುಟ್ಟಿದ್ದೇ ಟಿವಿ ನಟರಿಗಾಗಿ. ಆಗ ಮಾತುಗಳನ್ನು ಕಾಗದದ ಸುರುಳಿಯ ಮೇಲೆ ಬರೆದು ಸುತ್ತುತ್ತಿದ್ದರು. ತಾಲೀಮಿಗೆ ಗಾಜು ಬೇಡ. ಫೋನನ್ನು ಕಣ್ಣಿನ ಎತ್ತರಕ್ಕೆ ಅಡ್ಡಲಾಗಿ ನಿಲ್ಲಿಸಿ, ಎದ್ದು ನಿಂತು, ಸಭೆಗೆ ಕೇಳುವಷ್ಟು ಗಟ್ಟಿಯಾಗಿ ಮಾತಾಡಿದರೆ ಸಾಕು. ಕೂತು ಗುಣುಗುಣು ಓದಿದ್ದು ತಾಲೀಮಾಗುವುದಿಲ್ಲ.

ಆ್ಯಪಿಗಿಂತ ದೊಡ್ಡ ಕೆಲಸ ಬರವಣಿಗೆಯದ್ದು. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಮಾಡಬೇಕೋ ಮಾಡಬಾರದೋ ಎಂಬುದು ಗೊತ್ತಾಗುವುದೂ ಅಲ್ಲೇ. ಗಾಬರಿಯಲ್ಲಿ ಉಸಿರು ಸಾಲದೆ ಹೋಗುವುದೂ ಸರಿಯಾಗಿ ಅಲ್ಲೇ! 'ಸುಣ್ಣದ ನೀರನ್ನು ಮೈಲುತುತ್ತಿನ ನೀರಿಗೆ ಸುರಿಯಬಾರದು' ಎನ್ನುವಾಗ ಕೊನೆಯ 'ಬಾರದು' ಗಂಟಲಲ್ಲೇ ಉಳಿದರೆ ಕೇಳಿದವರು ಮನೆಗೆ ಒಯ್ಯುವುದು ತದ್ವಿರುದ್ಧದ ಮಾತನ್ನು. ಆದ್ದರಿಂದ ನಾನು ಬರೆಯುವುದು ಹೀಗೆ:

ಒಂದು ಕಿಲೋ ಮೈಲುತುತ್ತು.
ಐವತ್ತು ಲೀಟರ್ ನೀರಿನಲ್ಲಿ ಕರಗಿಸಿ.
ಒಂದು ಕಿಲೋ ಸುಣ್ಣ.
ಇನ್ನೊಂದು ಐವತ್ತು ಲೀಟರಿನಲ್ಲಿ.
ಈಗ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ.
ಕಲಕುತ್ತಾ ಇರಿ.

ಒಂದು ಉಸಿರಿಗೆ ಒಂದು ಸಾಲು. ಪರದೆ ತುಂಬಿದಲ್ಲಿ ಸಾಲು ಮುರಿಯಲು ಬಿಟ್ಟರೆ ನಮ್ಮ ಉದ್ದುದ್ದ ಪದಗಳು ಎಲ್ಲೆಲ್ಲೋ ತುಂಡಾಗಿ ಕಣ್ಣು ತಡವರಿಸುತ್ತದೆ. ಅಂಕಿಯನ್ನು ಅಕ್ಷರದಲ್ಲೇ ಬರೆಯುತ್ತೇನೆ. ಅಂಕಿ ಕಂಡಾಗ ನಾಲಿಗೆ ಒಂದು ಕ್ಷಣ ನಿಲ್ಲುತ್ತದೆ, ಆ ಕ್ಷಣದಲ್ಲೇ ಗಾಬರಿ ಒಳಗೆ ನುಗ್ಗುತ್ತದೆ.

ಪೂರ್ತಿ ಪಾಠ ಸರಾಗವಾದ ಮೇಲೆ ಅದನ್ನು ಸವೆಸಬೇಕು. ಈ ಹಂತವನ್ನು ಬಿಟ್ಟರೆ ಓದುವುದು ಮಾತ್ರ ಅಭ್ಯಾಸವಾಗುತ್ತದೆ, ಮಾತಾಡುವುದಲ್ಲ. ಪ್ರತಿ ವಾಕ್ಯದ ಮೊದಲ ಪದವನ್ನಷ್ಟೇ ಉಳಿಸಿ ಉಳಿದದ್ದನ್ನು ಅಳಿಸುತ್ತೇನೆ. ಅದು ಬಂದರೆ ಪ್ರಮಾಣ ಮತ್ತು ದಿನಗಳು ಮಾತ್ರ: ಮಳೆ ಹಿಡಿಯುವ ಮೊದಲು ಒಂದು ಸಿಂಪಡಣೆ, ನಲವತ್ತು ನಲವತ್ತೈದು ದಿನ ಬಿಟ್ಟು ಎರಡನೆಯದು. ಕೊನೆಗೆ ಖಾಲಿ ಪರದೆ. ಮೊದಲ ನಾಲ್ಕೈದು ವಾಕ್ಯಗಳು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ಅವನ್ನು ಹೇಳಿ ಮುಗಿಸುವಷ್ಟರಲ್ಲಿ ಎದೆಬಡಿತ ಇಳಿಯತೊಡಗುತ್ತದೆ. ಮುಂಗಡ ಕ್ಯಾಮೆರಾದಲ್ಲಿ ರೆಕಾರ್ಡ್ ಮಾಡಿ ನೋಡುವುದೂ ಒಳ್ಳೆಯದು. ಒಳಗಿನ ನಡುಕದ ಕಾಲು ಭಾಗವೂ ಹೊರಗೆ ಕಾಣುವುದಿಲ್ಲ ಎಂಬ ಧೈರ್ಯ ಅಲ್ಲಿ ಸಿಗುತ್ತದೆ.

ಕಚೇರಿಯಲ್ಲಿ ಹಿರಿಯರೊಬ್ಬರು ಕೇಳಿದ್ದುಂಟು: "ಪಾರ್ತಿಸುಬ್ಬನ ಊರಿನವರಿಗೆ ಇದೆಲ್ಲ ಯಾಕೆ ಮಾರಾಯ್ರೇ? ತಾಳಮದ್ದಳೆಯವರು ಚೀಟಿ ಹಿಡಿದು ಕೂರ್ತಾರಾ?" ಒಳ್ಳೆಯ ಪ್ರಶ್ನೆ. ಪಾರ್ತಿಸುಬ್ಬ ನಮ್ಮ ಕಡೆಯ ಹಳೆಯ ಯಕ್ಷಗಾನ ಕವಿ, ತಾಳಮದ್ದಳೆಯೆಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ. ಅಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಗೆ ಭಾಗವತರು ಹಾಡುವ ಪದ್ಯದ ಆಧಾರ ಉಂಟು, ಹಿರಿಯರ ಪಕ್ಕ ಕೂತು ಕೇಳಿದ ವರ್ಷಗಳು ಉಂಟು. ಅಷ್ಟು ದೀರ್ಘ ತಾಲೀಮು ಸಿಗದ ನಮ್ಮಂಥವರಿಗೆ ಆ ಪದ್ಯದ ಕೆಲಸವನ್ನು ಸ್ವಲ್ಪ ದಿನ ಪರದೆ ಮಾಡಲಿ ಎನ್ನುವುದು ನನ್ನ ಉತ್ತರ.

ಇಲ್ಲಿನ ಕನ್ನಡ ಮಾಧ್ಯಮದವರಿಗೆ ಇನ್ನೊಂದು ಭಾರ ಉಂಟು. 1956ರಿಂದ ನಾವು ಕೇರಳದವರು. ಮೇಲಿನ ಅಧಿಕಾರಿಗಳು ಬಂದ ಸಭೆಯಲ್ಲಿ ನಾಲ್ಕು ಮಾತಾದರೂ ಮಲಯಾಳದಲ್ಲಿ ಹೇಳಲೇಬೇಕು. ಪೇಟೆಯಲ್ಲಿ ದಿನವೂ ಆಡುವ ಭಾಷೆಯೇ, ಆದರೆ ವೇದಿಕೆಯ ಮಲಯಾಳ ಬೇರೆ. ನಾನು ಆ ಪಾಠವನ್ನು ಕನ್ನಡ ಲಿಪಿಯಲ್ಲೇ ಬರೆದು ಓಡಿಸುತ್ತೇನೆ. ನಮ್ಮ ಇಂದಿನ ವರ್ಣಮಾಲೆಯಲ್ಲಿ ಇಲ್ಲದ ಅವರ ಒಂದು ಅಕ್ಷರಕ್ಕೆ ಹಳಗನ್ನಡದ ೞ ಕೈಹಿಡಿಯಿತು. ಬರೆದದ್ದನ್ನು ಮಲಯಾಳಿ ಸಹೋದ್ಯೋಗಿಗೆ ಮೊದಲು ಓದಿ ಹೇಳುತ್ತೇನೆ, ಅವರು ತಿದ್ದಿದ ಮೇಲೆಯೇ ಅಭ್ಯಾಸ. ಕನ್ನಡದ ಮಾತಿಗಿಂತ ವೇಗವನ್ನು ಒಂದು ಹಂತ ಕಡಿಮೆ ಇಡುತ್ತೇನೆ.

ಪ್ರಶ್ನೋತ್ತರಕ್ಕೆ ಮಾತ್ರ ಯಾವ ಪರದೆಯೂ ಇಲ್ಲ. "ಸಾರ್, ಚಿಪ್ಪಿನ ಸುಣ್ಣ ಆಗ್ತದಾ, ಕಲ್ಲಿನದ್ದೇ ಬೇಕಾ?", "ದ್ರಾವಣ ಸರಿ ಆಯ್ತು ಅಂತ ಗೊತ್ತಾಗುವುದು ಹೇಗೆ?" ಇಂಥವು ಪ್ರತಿ ಸಭೆಯಲ್ಲೂ ಬರುತ್ತವೆ. ಹಾಗಾಗಿ ಸಭೆ ಮುಗಿದ ದಿನವೇ ಕೇಳಿದ್ದನ್ನೆಲ್ಲ ಬರೆದಿಟ್ಟು ಮುಂದಿನ ಪಾಠಕ್ಕೆ ಸೇರಿಸುತ್ತೇನೆ. ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ, ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಎನ್ನುವ ಸಾಲು ನನ್ನ ಪಾಠದೊಳಗೆ ಬಂದದ್ದು ಹಾಗೆಯೇ. ಈಗ ಆ ಭಾಗಕ್ಕೆ ಬಂದಾಗ ಕತ್ತಿಯನ್ನೇ ಕೈಯಲ್ಲಿ ಹಿಡಿದು ತೋರಿಸುತ್ತೇನೆ.