ಪಕ್ಕದ ಮನೆ ಅಜ್ಜನ ರೇಡಿಯೊ

ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ ಕಾರಿನಲ್ಲೇ ಕೂತು ಹತ್ತು ನಿಮಿಷ ಅವ್ವನ ಜೊತೆ ಮಾತಾಡುತ್ತೇನೆ. ಊರಲ್ಲಿ ಆಗ ಸಂಜೆ, ದೀಪ ಹಚ್ಚುವ ಹೊತ್ತು. ಹೋದ ತಿಂಗಳು ಒಂದು ದಿನ ಕಾರಿನ ಕಿಟಕಿ ಇಳಿಸಿದ್ದೆ, ಫೋನು ಸ್ಪೀಕರಿನಲ್ಲಿತ್ತು. ಶೇಂಗಾ, ಎಮ್ಮೆ, ಕಾಕಾನ ಮೊಣಕಾಲು ಎಲ್ಲ ಮುಗಿಸಿ ತಿರುಗಿದರೆ, ಕಸದ ಡಬ್ಬಿ ಎಳೆದುಕೊಂಡು ಹೊರಟಿದ್ದ ಪಕ್ಕದ ಮನೆ ಅಜ್ಜ ಅಲ್ಲೇ ನಿಂತುಬಿಟ್ಟಿದ್ದಾರೆ.

ಒಂದು ಮಾತು ಹೇಳಿಬಿಡುತ್ತೇನೆ. ಈ ಅಜ್ಜನ ಇಂಗ್ಲಿಷ್ ಅಮೆರಿಕದ ಟೆನೆಸ್ಸಿ ರಾಜ್ಯದ ಹಳ್ಳಿ ಇಂಗ್ಲಿಷ್. ಎಳೆದು ಎಳೆದು, ಅರ್ಧ ಅಕ್ಷರ ನುಂಗಿ ಮಾತಾಡುತ್ತಾರೆ. ಅದು ನನ್ನ ಕಿವಿಗೆ ಬೀಳುವಾಗ ತಾನಾಗೇ ನಮ್ಮ ನವಲಗುಂದದ ಮಾತಾಗಿಬಿಡುತ್ತದೆ. ಹಾಗೇ ಬರೆಯುತ್ತೇನೆ, ಬೇರೆ ಥರ ಬರೆದರೆ ಅದು ಅವರ ಮಾತು ಅನ್ನಿಸುವುದಿಲ್ಲ.

“ಅದು ನಿಮ್ಮವ್ವ ಅಲ್ಲೇನ?”

“ಹೌದು. ಹೆಂಗ ಗೊತ್ತಾತು?”

“ನಿನ್ನ ದನಿ ಬ್ಯಾರೆ ಆಗಿತ್ತು ತಂಗಿ. ನಂದೂ ಹಂಗ ಆಗತಿತ್ತು.” ಎರಡು ಹೆಜ್ಜೆ ಹೋದವರು ಮತ್ತೆ ನಿಂತರು. “ನಿಮ್ಮ ರೇಡಿಯೊದಾಗ ನಿಮ್ಮವ್ವನಂಗ ಮಾತಾಡೋರು ಇದ್ರೇನು?”

ಲೇಟಾಗಿತ್ತು. ಇದ್ದರು ಅಂತ ಹೇಳಿ ಕಾರು ತೆಗೆದೆ. ಆದರೆ ಆ ಪ್ರಶ್ನೆ ನನ್ನ ಜೊತೆಗೇ ಕಾರು ಹತ್ತಿಬಿಟ್ಟಿತ್ತು.

ನಾವಿರುವ ಬ್ರೆಂಟ್‌ವುಡ್ ನ್ಯಾಶ್‌ವಿಲ್‌ಗೆ ಅಂಟಿಕೊಂಡ ಊರು. ಹೈವೇ 65ರಲ್ಲಿ ಹೋಗುವಾಗ ಪಕ್ಕದಲ್ಲಿ ವಿಚಿತ್ರವಾದ ಒಂದು ಟವರ್ ಕಾಣುತ್ತದೆ. ಕೆಳಗೆ ಚೂಪು, ನಡುವೆ ದಪ್ಪ, ಮೇಲೆ ಮತ್ತೆ ಚೂಪು. ನೂಲು ತುಂಬಿದ ಕದಿರನ್ನು ನೆಟ್ಟಗೆ ನಿಲ್ಲಿಸಿದ ಹಾಗೆ. ನಾಲ್ಕು ವರ್ಷ ಅದನ್ನು ಕರೆಂಟಿನ ಕಂಬ ಅಂದುಕೊಂಡೇ ಓಡಾಡಿದ್ದೇನೆ. ಅದು ಡಬ್ಲ್ಯು.ಎಸ್.ಎಂ. ರೇಡಿಯೊ ಕೇಂದ್ರದ ಟವರ್. 1932ರಲ್ಲಿ ನಿಲ್ಲಿಸಿದ್ದು, ಈಗ 808 ಅಡಿ ಎತ್ತರ. ಅಷ್ಟು ಭಾರವೂ ಬುಡದಲ್ಲಿ ಒಂದು ಪಿಂಗಾಣಿ ತುಂಡಿನ ಮೇಲೆ ನಿಂತಿದೆ. 50,000 ವ್ಯಾಟ್ ಶಕ್ತಿ, 650 ಕಿಲೋಹರ್ಟ್ಸ್. ಹಗಲು ಸುತ್ತಮುತ್ತಲ ಊರುಗಳಿಗೆ ಅಷ್ಟೇ. ಕತ್ತಲಾದ ಮೇಲೆ ಅಲೆಗಳು ಆಕಾಶಕ್ಕೆ ಬಡಿದು ವಾಪಸ್ ಬರುವುದರಿಂದ ಎಷ್ಟೋ ರಾಜ್ಯಗಳಾಚೆಗೂ ಕೇಳುತ್ತದೆ.

ಅಜ್ಜ ಬೆಳೆದದ್ದು ಕೆಂಟಕಿ ಗಡಿಯ ಹತ್ತಿರ ಒಂದು ತಂಬಾಕಿನ ಹೊಲದಲ್ಲಿ. ಮನೆಗೆ ಕರೆಂಟ್ ಇರಲಿಲ್ಲ. ಬ್ಯಾಟರಿಗೆ ವೈರು ಸಿಕ್ಕಿಸಿ ರೇಡಿಯೊ ಹಾಕುತ್ತಿದ್ದರಂತೆ, ಅದೂ ಶನಿವಾರ ರಾತ್ರಿ ಮಾತ್ರ. ಉಳಿದ ದಿನ ಹಾಕಿದರೆ ಬ್ಯಾಟರಿ ಖಾಲಿ! ನಮ್ಮಪ್ಪ ಸೆಲ್ಲುಗಳನ್ನು ಮಾಳಿಗೆ ಮೇಲೆ ಬಿಸಿಲಿಗಿಟ್ಟು ಇನ್ನೆರಡು ದಿನ ಎಳೆಸುತ್ತಿದ್ದದ್ದನ್ನು ಹೇಳಿದೆ. ಅವರಿಗೆ ಅದೆಷ್ಟು ಖುಷಿಯಾಯಿತು ಅಂದರೆ, ಒಳಗೆ ಹೋಗಿ ಹೆಂಡತಿಗೆ ಹೇಳಿ ಬಂದರು.

ಆಮೇಲೆ ಬೇಲಿಯ ಈಚೆ ಆಚೆ ನಿಂತು ದಿನಕ್ಕೊಂದಿಷ್ಟು ಕಥೆ. ಈ ಸ್ಟೇಷನ್ ಶುರು ಮಾಡಿದ್ದು ಒಂದು ಇನ್ಶೂರೆನ್ಸ್ ಕಂಪನಿ, 1925ರ ಅಕ್ಟೋಬರ್ 5ರಂದು. ಕೋಟ್ಯಂತರ ಜನಕ್ಕೆ ರಕ್ಷಣೆ ಕೊಡುತ್ತೇವೆ ಅನ್ನುವ ಕಂಪನಿ ಘೋಷಣೆಯ ಮೊದಲಕ್ಷರಗಳೇ ಸ್ಟೇಷನ್ನಿನ ಹೆಸರು. ಏಜೆಂಟರು ಹಳ್ಳಿಹಳ್ಳಿಗೆ ಹೋಗಿ ಚಿಲ್ಲರೆ ಕಂತು ವಸೂಲಿ ಮಾಡುತ್ತಿದ್ದರು. ನಮ್ಮೂರಿಗೆ ಬರುತ್ತಿದ್ದ ಎಲ್‌ಐಸಿ ಏಜೆಂಟರ ಥರವೇ ಅನ್ನಿ. ಬಾಗಿಲಲ್ಲಿ ಪಾಲಿಸಿ ಮಾತಿಗಿಂತ ಮುಂಚೆ ಹೋದ ಶನಿವಾರದ ಹಾಡಿನ ಮಾತು ಬರುತ್ತಿತ್ತಂತೆ. ನಮ್ಮ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ಮನೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಟು ‘ಆಕಾಶವಾಣಿ’ ಶುರು ಮಾಡಿದ್ದು ಇದಾದ ಹತ್ತು ವರ್ಷಕ್ಕೆ, 1935ರಲ್ಲಿ. ಅವರು ಮನಃಶಾಸ್ತ್ರದ ಮೇಷ್ಟ್ರು, ಮಾರುವುದಕ್ಕೆ ಏನೂ ಇರಲಿಲ್ಲ. ಇದನ್ನು ಅಜ್ಜನಿಗೆ ಸ್ವಲ್ಪ ಜಂಬದಿಂದಲೇ ಹೇಳಿದೆ.

ಶುರುವಾದ ಎರಡೇ ತಿಂಗಳಲ್ಲಿ, ನವೆಂಬರ್ 28ರ ರಾತ್ರಿ, ಜಾರ್ಜ್ ಹೇ ಅನ್ನುವ ನಿರೂಪಕ ಅಂಕಲ್ ಜಿಮ್ಮಿ ಥಾಂಪ್ಸನ್ ಎಂಬ ಪಿಟೀಲಿನ ಮುದುಕನನ್ನು ಮೈಕಿನ ಮುಂದೆ ಕೂರಿಸಿದ. ಮುದುಕನಿಗೆ ಎಪ್ಪತ್ತು ದಾಟಿ ಎಷ್ಟೋ ವರ್ಷವಾಗಿತ್ತು. ಒಂದು ಗಂಟೆ ಬಾರಿಸಿದ ಮೇಲೂ ಏಳಲು ಮನಸ್ಸಿಲ್ಲ. ಆ ಶನಿವಾರದ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ, 2025ಕ್ಕೆ ನೂರು ತುಂಬಿತು.

ಆದರೆ ನ್ಯಾಶ್‌ವಿಲ್‌ನ ದೊಡ್ಡ ಮನೆಯವರಿಗೆ ಇದು ಆಗ ನಾಚಿಕೆಯ ವಿಷಯ. ತಮ್ಮದು ದಕ್ಷಿಣದ ಅಥೆನ್ಸ್ ಅಂತ ಹೇಳಿಕೊಂಡು, ಪಾರ್ಥೆನಾನ್ ಗುಡಿಯ ನಕಲನ್ನೇ ಪಾರ್ಕಿನಲ್ಲಿ ಕಟ್ಟಿಸಿಕೊಂಡ ಊರಿದು. ಅಂಥ ಊರಿನ ಹೆಸರು ಹೇಳಿಕೊಂಡು ಹಳ್ಳಿಯವರು ಬ್ಯಾಂಜೊ ಬಡಿಯುವುದೇ? ಹೇ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹಂಫ್ರಿ ಬೇಟ್ ಅಂತ ಓದಿದ ಡಾಕ್ಟರು, ಸೂಟು ಹಾಕಿ ತಂಡ ಕಟ್ಟಿಕೊಂಡು ನುಡಿಸುತ್ತಿದ್ದವರು. ಅವರ ತಂಡಕ್ಕೆ ‘ಪಾಸಮ್ ಬೇಟೆಗಾರರು’ ಅಂತ ಹೆಸರಿಟ್ಟು, ಹೊಲದ ಬಟ್ಟೆ ತೊಡಿಸಿ ಫೋಟೊ ತೆಗೆಸಿದ! ಪಾಸಮ್ ಅಂದರೆ ಇಲ್ಲಿ ರಾತ್ರಿ ಹೊತ್ತು ಕಸದ ಡಬ್ಬಿಗೆ ಬಾಯಿ ಹಾಕುವ ಪ್ರಾಣಿ. ಡಾಕ್ಟರನ್ನು ಹಳ್ಳಿ ಗಮಾರ ಮಾಡಿ ತೋರಿಸಿದರೆ ಜನಕ್ಕೆ ಇಷ್ಟ ಅನ್ನುವ ಲೆಕ್ಕ. ನಮ್ಮ ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಮಾತು ಬಂತೆಂದರೆ ಕಾಮಿಡಿ ಬಂತು ಅಂತ ಜನ ಮೊದಲೇ ನಗಲು ರೆಡಿಯಾಗುತ್ತಾರಲ್ಲ, ಅದೇ.

ಕಾರ್ಯಕ್ರಮಕ್ಕೆ ಈಗಿರುವ ಹೆಸರು ಬಂದದ್ದು 1927ರ ಡಿಸೆಂಬರ್ 10ರಂದು. ಅದಕ್ಕೂ ಮುಂಚಿನ ಒಂದು ಗಂಟೆ ಶಾಸ್ತ್ರೀಯ ಸಂಗೀತ ಇತ್ತು. ಅದು ಮುಗಿದ ಮೇಲೆ ಡಿಫೋರ್ಡ್ ಬೈಲಿ ಮೌತ್ ಆರ್ಗನ್ನಿನಲ್ಲಿ ರೈಲು ಓಡಿಸಿದ, ಅಷ್ಟು ನಿಜವಾದ ರೈಲು. ಆಗ ಹೇ, ಇಷ್ಟು ಹೊತ್ತು ಗ್ರ್ಯಾಂಡ್ ಒಪೆರಾ ಕೇಳಿದಿರಿ, ಇನ್ನು ಗ್ರ್ಯಾಂಡ್ ಓಲ್ ಆಪ್ರಿ ಕೇಳಿ ಅಂದ. ಒಪೆರಾ ಅಂದರೆ ಪಾಶ್ಚಾತ್ಯರ ಶಾಸ್ತ್ರೀಯ ಸಂಗೀತ ನಾಟಕ. ಇಲ್ಲಿನ ಹಳ್ಳಿ ಬಾಯಲ್ಲಿ ಅದು ‘ಆಪ್ರಿ’ ಆಗುತ್ತದೆ, ನಮ್ಮಲ್ಲಿ ಸ್ಟೇಷನ್ ‘ಟೇಸನ್’ ಆದ ಹಾಗೆ. ಆ ‘ಟೇಸನ್’ ಈಗ ಬೋರ್ಡಿನ ಮೇಲಿದೆ, ಅದನ್ನು ನೋಡಲು ದೇಶದೇಶದಿಂದ ಜನ ಟಿಕೆಟ್ ತಗೊಂಡು ಬರುತ್ತಾರೆ.

ಬೈಲಿಯ ವಿಷಯ ಅಜ್ಜ ತಾವಾಗಿ ಹೇಳಲಿಲ್ಲ. ನಾನೇ ಕೇಳಿದೆ. ಬೈಲಿ ಕಪ್ಪು ಜನಾಂಗದವ. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಕುಳ್ಳಗೇ ಉಳಿದವ. ಊರೂರು ಕಾರ್ಯಕ್ರಮ ಕೊಡಲು ಹೋದರೆ, ಜೊತೆಯವರು ಉಳಿಯುವ ಹೋಟೆಲಿನಲ್ಲಿ ಅವನಿಗೆ ರೂಮಿಲ್ಲ, ಅವರು ಉಣ್ಣುವಲ್ಲಿ ಊಟವಿಲ್ಲ. 1941ರಲ್ಲಿ ಕೆಲಸದಿಂದ ತೆಗೆದರು. ಸೋಮಾರಿ, ಹೊಸ ಹಾಡು ಕಲಿಯಲಿಲ್ಲ ಅಂತ ಹೇ ಆಮೇಲೆ ಬರೆದ. ಬೈಲಿ ನ್ಯಾಶ್‌ವಿಲ್‌ನಲ್ಲೇ ಬೂಟ್ ಪಾಲಿಶ್ ಅಂಗಡಿ ನಡೆಸಿ ಹೊಟ್ಟೆ ಹೊರೆದು, 1982ರಲ್ಲಿ ತೀರಿಕೊಂಡ. ಈ ಹಳ್ಳಿ ಹಾಡಿನವರ ಗೌರವಪಟ್ಟಿಯಾದ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ನಲ್ಲಿ ಅವನ ಹೆಸರು ಸೇರಿದ್ದು 2005ರಲ್ಲಿ.

ಅಜ್ಜ ಬೇಲಿಯ ಒಂದು ಚಕ್ಕೆ ಕೀಳುತ್ತಾ ನಿಂತಿದ್ದರು. “ನಮಗ ಯಾರೂ ಹೇಳಿರಲಿಲ್ಲ,” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ನಾವೂ ಕೇಳಿರಲಿಲ್ಲ.”

ಅವತ್ತು ಅಷ್ಟಕ್ಕೇ ಮಾತು ನಿಂತಿತು.

ಅವರ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. ಇದ್ದರು ಅಂದೆನಲ್ಲ, ನಿಜವೇ. ನಮ್ಮ ಮನೆಯ ರೇಡಿಯೊಗೆ ಕಂದು ಚರ್ಮದ ಕವರು, ಗೂಟಕ್ಕೆ ನೇತುಹಾಕಲು ಪಟ್ಟಿ. ಮುಳ್ಳು ಯಾವಾಗಲೂ ಧಾರವಾಡದ ಮೇಲೆ. 1950ರಲ್ಲಿ ಶುರುವಾದ ಕೇಂದ್ರ ಅದು, ಮಲ್ಲಿಕಾರ್ಜುನ ಮನ್ಸೂರರಂಥವರು ಸಂಗೀತ ಸಲಹೆಗಾರರಾಗಿದ್ದ ಜಾಗ. ಆದರೆ ಅಪ್ಪ ಕಾಯುತ್ತಿದ್ದದ್ದು ಸಂಜೆಯ ರೈತರ ಕಾರ್ಯಕ್ರಮಕ್ಕೆ. ಅದರಲ್ಲಿ ಇಬ್ಬರು ಕಟ್ಟೆ ಮೇಲೆ ಕೂತವರ ಹಾಗೆ ಮಾತಾಡುತ್ತಿದ್ದರು. ಹಿಂಗಾರಿ ಜ್ವಾಳ, ಕಾಡಿಗೆ ರೋಗ, ಹತ್ತಿಗೆ ಬಿದ್ದ ಹುಳ. ಅಪ್ಪ ರೇಡಿಯೊಗೇ ಎದುರುತ್ತರ ಕೊಡುತ್ತಿದ್ದ: “ಆ ಔಷಧ ಹೊಡದ್ರ ಹುಳ ಸಾಯಾಂಗಿಲ್ಲೋ ಮಾರಾಯಾ, ನಾವು ಸಾಯತೀವಿ.” ನಮ್ಮ ಮಾತು ರೇಡಿಯೊದಲ್ಲಿ ಬರುವುದು ವಿಶೇಷ ಅಂತ ಆಗ ನನಗೆ ಅನ್ನಿಸಿರಲೇ ಇಲ್ಲ. ಮನೆಯಲ್ಲಿ ಮಾತಾಡುವ ಹಾಗೆ ಅಲ್ಲೂ ಮಾತಾಡುತ್ತಾರೆ, ಅಷ್ಟೇ.

ಅದು ವಿಶೇಷ ಅಂತ ಗೊತ್ತಾದದ್ದು ಬೆಂಗಳೂರಿಗೆ ಬಂದಮೇಲೆ. ಮೊದಲ ಕೆಲಸ, ಕ್ಯಾಂಟೀನು, ಎಂಟು ಹತ್ತು ಜನ ಕನ್ನಡದವರೇ. ನಾನು “ಊಟ ಆತೇನ್ರಿ” ಅಂದರೆ “ಅಯ್ಯೋ, ಇನ್ನೊಂದ್ಸಲ ಹೇಳಿ, ಪ್ಲೀಸ್” ಅನ್ನುತ್ತಿದ್ದರು. ಕೆಟ್ಟವರೇನಲ್ಲ. ಸುಮ್ನೆ ಮಜಾ. ಆರು ತಿಂಗಳಲ್ಲಿ ನಾಲಿಗೆಗೆ ಇಸ್ತ್ರಿ ಹಾಕಿಕೊಂಡೆ. ಇಸ್ತ್ರಿ ಹಾಕಿದ ಆ ಕನ್ನಡವನ್ನೇ ಮಗಳಿಗೂ ಕಲಿಸಿದೆ. ಈಗ ಅವಳಿಗೆ ಅಜ್ಜಿಯ ಮಾತು ಅರ್ಧ ತಿಳಿಯುವುದಿಲ್ಲ, ನಾನೇ ನಡುವೆ ಕೂತು ಕನ್ನಡದಿಂದ ಕನ್ನಡಕ್ಕೆ ಹೇಳಬೇಕು. ಅಮೆರಿಕ ಮಾಡಿದ್ದಲ್ಲ ಇದು. ಬೆಂಗಳೂರಿನಲ್ಲೇ ಮುಗಿಸಿಕೊಂಡು ವಿಮಾನ ಹತ್ತಿದ್ದೆ.

ಇಲ್ಲಿಯೂ ಎಲ್ಲ ಚೆನ್ನಾಗಿದೆ ಅಂತಲ್ಲ. ಅಜ್ಜನೂ ನ್ಯಾಶ್‌ವಿಲ್‌ನಲ್ಲಿ ಕೆಲಸಕ್ಕೆ ಸೇರಿದಾಗ ಮಾತು ತಿದ್ದಿಕೊಂಡವರೇ. 2002ರಲ್ಲಿ ಈ ಸ್ಟೇಷನ್ನಿನಲ್ಲಿ ಹಾಡು ನಿಲ್ಲಿಸಿ ಬರೀ ಕ್ರೀಡೆಯ ಮಾತು ಹಾಕುವ ಯೋಚನೆ ನಡೆದಿತ್ತು. ಜನ ಗಲಾಟೆ ಮಾಡಿದರು, ಹಾಡು ಉಳಿಯಿತು. ನಮ್ಮಲ್ಲಿ ಅಂಥದ್ದಾದರೆ ಗಲಾಟೆಗೆ ನಾನು ಹೋಗುತ್ತಿದ್ದೆನಾ? ಧಾರವಾಡ ಕೇಂದ್ರವನ್ನು ಕೊನೆಯ ಸಲ ಯಾವಾಗ ಕೇಳಿದೆ ಅಂತಲೇ ನೆನಪಿಲ್ಲ.

ಹೋದ ಶನಿವಾರ ಸಂಜೆ ಏಳಕ್ಕೆ ಅಜ್ಜ ತಮ್ಮ ಹಳೇ ಟ್ರಾನ್ಸಿಸ್ಟರ್ ತಂದು ಬೇಲಿಯ ಕಂಬದ ಮೇಲಿಟ್ಟರು. ಫೋನಿನಲ್ಲೇ ಸ್ವಚ್ಛವಾಗಿ ಕೇಳಬಹುದು, ಅವರಿಗೆ ಬೇಡ. ಗರಗರ ಸದ್ದಿರಬೇಕು. ಊರಲ್ಲಿ ಆಗ ಭಾನುವಾರ ಬೆಳಗಿನ ಐದೂವರೆ, ಅವ್ವ ಎದ್ದಿರುತ್ತಾಳೆ. ಫೋನ್ ಹಚ್ಚಿ ಟ್ರಾನ್ಸಿಸ್ಟರ್ ಪಕ್ಕದಲ್ಲಿಟ್ಟೆ. ಮಗಳೂ ಬಂದು ನಿಂತಳು. ಒಂದು ಪಿಟೀಲು, ಒಂದು ಗಿಟಾರು, ಒಂದು ಬ್ಯಾಂಜೊ. ಮೂರು ನಿಮಿಷ ಅವ್ವ ಉಸಿರೆತ್ತಲಿಲ್ಲ.

“ಚಲೋ ಐತಿ,” ಅಂದಳು ಕೊನೆಗೆ. “ಖರೇ, ತಬಲಾದಾಂವ ಎಲ್ಲಿ ಹೋಗ್ಯಾನ?”

ಊರಿನ ಭಜನಿ ಮೇಳದಲ್ಲಿ ನಲವತ್ತು ವರ್ಷ ತಾಳ ಹಾಕಿದವಳು, ಬಿಡುತ್ತಾಳಾ? ಅಜ್ಜನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬೇಲಿ ಹಿಡಿದುಕೊಂಡು ನಕ್ಕರು. ಆ ವೇದಿಕೆಯ ಮೇಲೆ ಎಷ್ಟೋ ವರ್ಷ ಡ್ರಮ್ ಬಾರಿಸಲು ಬಿಡುತ್ತಲೇ ಇರಲಿಲ್ಲವಂತೆ, ಅದೇ ಅಲ್ಲಿನ ಕಟ್ಟುನಿಟ್ಟು.

“ಅವ್ವಾ, ಅಲ್ಲಿ ತಬಲಾಕ್ಕ ಬಿಡತಿರಲಿಲ್ಲಂತ.”

“ಯಾಕ? ಏನ್ ಮಾಡಿದ್ದ ಅಂವಾ?”

ಮಗಳು ನನ್ನ ಕಡೆ ನೋಡಲೇ ಇಲ್ಲ. ಅವಳಿಗೆ ಇಷ್ಟೂ ತಿಳಿದಿತ್ತು, ನಗುತ್ತಿದ್ದಳು.