ಮೂಗಿನ ಚಕ್ರ ಮೊದಲು ತಾಗಿದರೆ

1965ರ ಯುದ್ಧದ ವಾಯುಪಡೆ ವೀರ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಕೊಡಗಿನಿಂದ ವಿಮಾನ ಕಲಿಯಲು ಹೊರಟಿರುವ ಮಕ್ಕಳಿಗಾಗಿ ಇದು.

ಕಲಿಕೆಗೆ ಬಳಸುವ ಪುಟ್ಟ ವಿಮಾನ ಸೆಸ್ನಾ 172 ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಿಚು ಹಲಗೆ) ಪೂರ್ತಿ ಇಳಿಸಿ ನೆಲಕ್ಕಿಳಿಯಲು ಬರುವಾಗ 60ರಿಂದ 70 ನಾಟ್ (ಗಂಟೆಗೆ ಸುಮಾರು 110ರಿಂದ 130 ಕಿ.ಮೀ.) ವೇಗ ಸಾಕು. ಹೆಚ್ಚಾದರೆ ರನ್‌ವೇ ಮೇಲೆ ತೇಲುತ್ತಲೇ ಹೋಗುತ್ತದೆ. ಆಗ ಅವಸರಪಟ್ಟು ಮೂಗು ತಗ್ಗಿಸಿದರೆ ಮುಂದಿನ ಚಕ್ರ ಮೊದಲು ಬಡಿದು ವಿಮಾನ ಪುಟಿಯುತ್ತದೆ. ಪುಟಿದಾಗ ಯೋಕ್ (ಮೂಗು ಏರಿಸಿ ಇಳಿಸುವ ಹಿಡಿ) ಮುಂದಕ್ಕೆ ತಳ್ಳಲೇಬೇಡಿ. ತಳ್ಳಿದಷ್ಟೂ ಮುಂದಿನ ಪೆಟ್ಟು ಜೋರು. ಕೊನೆಗೆ ಮುಂದಿನ ಚಕ್ರದ ಕಾಲು ಮುರಿದು ಪ್ರೊಪೆಲರ್ ನೆಲಕ್ಕೆ ತಾಗುತ್ತದೆ.

ಸಣ್ಣ ಪುಟಿತವಾದರೆ ಮೂಗು ಹಾಗೇ ಹಿಡಿದು ಸ್ವಲ್ಪ ಪವರ್ ಕೊಡಿ. ದೊಡ್ಡದಾದರೆ ಥ್ರಾಟಲ್ (ಎಂಜಿನ್ ಶಕ್ತಿ ಏರಿಸುವ ಹಿಡಿ) ಪೂರ್ತಿ, ಫ್ಲ್ಯಾಪ್ 20 ಡಿಗ್ರಿಗೆ ಎತ್ತಿ, ಮತ್ತೆ ಮೇಲಕ್ಕೆ. ಇನ್ನೊಂದು ಸುತ್ತು ಹಾಕುವುದನ್ನು ಅವಮಾನವೆಂದು ಎಳೆಯರು ಯಾಕೆ ತಿಳಿಯುತ್ತಾರೋ, ನೆನೆದರೆ ಸಂಕಟವಾಗುತ್ತದೆ. ಪ್ರೊಪೆಲರ್ ತಾಗಿದ ಮೇಲೆ ಬ್ಲೇಡ್ ಬದಲಿಸಿದರೆ ಮುಗಿಯದು, ಎಂಜಿನ್ ಬಿಚ್ಚಿ ಪ್ರೊಪೆಲರ್ ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟ್ ಕೂಡ ಪರೀಕ್ಷಿಸಬೇಕು.