ಬಳಚು ಕಕ್ಕಿದ ಮರಳು

ವಾಸ್ಕೊ, 17 ನವೆಂಬರ್ 2024, ಭಾನುವಾರ

ನಮ್ಮ ಕುಮಟೆಯ ಕಡೆ ಬಳಚು ಎನ್ನುವ ಚಿಪ್ಪಿಗೆ ಇಲ್ಲಿ ಗೋವೆಯಲ್ಲಿ ತಿಸ್ರ್ಯೊ ಎನ್ನುತ್ತಾರೆ. ನಿನ್ನೆ ಸಂಜೆ ಮಾರುಕಟ್ಟೆಯಿಂದ ಎರಡು ಗುಪ್ಪೆ ತಂದೆ. ಅಕ್ಕ, ಭಾವ ಬರುವುದು ಇಂದು ಮಧ್ಯಾಹ್ನವಾದ್ದರಿಂದ ಒಂದು ರಾತ್ರಿ ಅವುಗಳ ಜೀವ ಕಾಯಬೇಕಾಗಿತ್ತು. ತವರಿನಲ್ಲಿ ಈ ಚಿಂತೆಯೇ ಇರಲಿಲ್ಲ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಕ್ಕಿದ ಬಳಚು ಅಂದೇ ಒಲೆ ಏರುತ್ತಿತ್ತು.

ಕಳೆದ ತಿಂಗಳು ಇಂಥದೇ ಸಂದರ್ಭದಲ್ಲಿ ನಾನು ಬಕೆಟ್ಟಿನ ತುಂಬ ನಲ್ಲಿ ನೀರು ಹಿಡಿದು, ಬಳಚನ್ನೆಲ್ಲ ಅದರೊಳಗೆ ಸುರಿದು, ಜಾಣತನ ಮಾಡಿದೆನೆಂದು ಮಲಗಿದ್ದೆ. ಬೆಳಿಗ್ಗೆ ಅರ್ಧಕ್ಕರ್ಧ ಬಾಯಿ ಬಿಟ್ಟು ನಾರುತ್ತಿದ್ದವು. ಉಪ್ಪುನೀರಿನ ಜೀವಿಯನ್ನು ಸಿಹಿನೀರಿನಲ್ಲಿ ಮುಳುಗಿಸಿದರೆ ಅದು ಬಾಯಿ ಬಿಗಿದುಕೊಂಡು ಮರಳನ್ನು ಒಳಗೇ ಉಳಿಸಿಕೊಳ್ಳುತ್ತದೆ, ಕೊನೆಗೆ ಸಾಯುತ್ತದೆ. ಉಪ್ಪುನೀರೇ ಆದರೂ, ಅಲುಗಾಡದ ಒಂದು ಬಕೆಟ್ ನೀರಿನಲ್ಲಿ ಕರಗಿರುವ ಆಮ್ಲಜನಕ ಅಷ್ಟೊಂದು ಚಿಪ್ಪುಗಳಿಗೆ ಬೆಳಗಿನವರೆಗೆ ಸಾಲದು. ನೀರು ಮರಳು ಕಕ್ಕಿಸಲಿಕ್ಕೆ ಮಾತ್ರ, ರಾತ್ರಿ ಕಾಯ್ದಿಡಲಿಕ್ಕಲ್ಲ.

ಆದ್ದರಿಂದ ನಿನ್ನೆ ತಂದವುಗಳನ್ನು ಅಗಲವಾದ ಪಾತ್ರೆಯಲ್ಲಿ ಹರಡಿ, ಒದ್ದೆ ಬಟ್ಟೆ ಹೊದಿಸಿ, ಮುಚ್ಚಳ ಹಾಕದೆ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಅವು ಉಸಿರುಗಟ್ಟುತ್ತವೆ.

ಇಂದು ಬೆಳಿಗ್ಗೆ ಮೊದಲು ಆಯುವ ಕೆಲಸ. ಬಾಯಿ ತೆರೆದಿದ್ದವನ್ನು ಒಂದಕ್ಕೊಂದು ತಟ್ಟಿದೆ. ಮೆಲ್ಲನೆ ಮುಚ್ಚಿಕೊಂಡವು ಬದುಕಿದ್ದವು, ಮುಚ್ಚದ ಎಂಟನ್ನು ಎಸೆದೆ. ಇದಕ್ಕಿಂತ ಮೋಸದವು ಕೆಸರು ತುಂಬಿದ ಸತ್ತ ಚಿಪ್ಪುಗಳು. ಹೊರಗಿನಿಂದ ಬಿಗಿಯಾಗಿಯೇ ಕಾಣುವ ಇಂಥದೊಂದು ಪಾತ್ರೆಯೊಳಗೆ ಬಾಯಿ ಬಿಟ್ಟರೆ ಇಡೀ ಸಾರು ಕೆಟ್ಟಂತೆ. ಎರಡು ಬೆರಳುಗಳ ನಡುವೆ ಹಿಡಿದು ಅಡ್ಡಕ್ಕೆ ಒತ್ತಿದಾಗ ಬದುಕಿದ ಬಳಚು ಕದಲುವುದಿಲ್ಲ, ಕೆಸರಿನದು ಜಾರುತ್ತದೆ. ಎಲ್ಲವನ್ನೂ ಹೀಗೆ ಒತ್ತಿ ನೋಡಲು ಬೇಸರ ಬರುವುದು ನಿಜ.

ಆಮೇಲೆ ಮೂರು ಲೀಟರ್ ನೀರಿಗೆ ಸುಮಾರು 90 ಗ್ರಾಂ ಕಲ್ಲುಪ್ಪು ಹಾಕಿ ಪೂರ್ತಿ ಕರಗಿಸಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಅಳಿವೆಯ ಬಳಚಿಗೆ ತುಸು ಕಡಿಮೆಯೇ ಇರಲೆಂದು ನನ್ನ ಲೆಕ್ಕ. ಕಕ್ಕಿದ ಮರಳು ಕೆಳಗೆ ಬೀಳಲೆಂದು ತೂತಿನ ಬುಟ್ಟಿಯಲ್ಲಿ ಹರಡಿ ಆ ನೀರಿಗಿಳಿಸಿ, ಬೆಳಕು ಬೀಳದಂತೆ ತಟ್ಟೆ ಮರೆಮಾಡಿ ಎರಡು ಗಂಟೆ ಬಿಟ್ಟೆ. ನಡುವೆ ಇಣುಕಿದಾಗ ಪುಟ್ಟ ಕೊಳವೆಗಳನ್ನು ಹೊರಚಾಚಿದ್ದವು, ಒಂದು ನನ್ನ ಕೈಗೇ ನೀರು ಚಿಮ್ಮಿಸಿತು. ಕೊನೆಗೆ ಬುಟ್ಟಿಯನ್ನು ಮೇಲೆತ್ತಿದೆ. ನೀರು ಬಗ್ಗಿಸಿದ್ದರೆ ತಳದ ಮರಳೆಲ್ಲ ಮತ್ತೆ ಅವುಗಳ ಮೇಲೇ ಬೀಳುತ್ತಿತ್ತು.

ಉಪ್ಪುನೀರು ತೆಗೆಯುವುದು ಮರಳನ್ನು, ರೋಗಾಣುಗಳನ್ನಲ್ಲ. ಹಾಗಾಗಿ ಚೆನ್ನಾಗಿ ಬೇಯಿಸಿ, ಬಾಯಿ ಬಿಡದ ಮೂರನ್ನು ತೆಗೆದುಹಾಕಿ, ಅವು ಬಿಟ್ಟ ರಸವನ್ನು ತೆಳು ಬಟ್ಟೆಯಲ್ಲಿ ಸೋಸಿದೆ. ಅದೇ ಉಪ್ಪಾಗಿರುವುದರಿಂದ ಸುಕ್ಕಕ್ಕೆ ಬೇರೆ ಉಪ್ಪು ಬೇಕಾಗಲಿಲ್ಲ.

ಊಟದ ನಡುವೆ ಭಾವನ ಹಲ್ಲಿಗೆ ಒಮ್ಮೆ ಕರಕ್ಕೆಂದಿತು. ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.